ಕೊಟ್ಟಿಗೆಯ ದೇವರು

ನಮ್ಮ ತಾತ, ಅಜ್ಜಿ ಕ್ರೈಸ್ತರಾಗಿದ್ದರು ಅಂದರೆ ಗೆಳೆಯರಿಗೆ ಮೊದಲು ಹೊಳೆಯುವುದು ಹಾಲಿನ ಪುಡಿ, ಬಿಳಿ ಪಾದ್ರಿ. ಬ್ರೆಡ್ಡಿಗೆ ಜಾತಿ ಬಿಟ್ಟವರು ಅಂತ ನಗುತ್ತಾರೆ. ಚಳವಳಿಯ ಗೆಳೆಯರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಅರಕಲಗೂಡು ತಾಲ್ಲೂಕಿನ ನಮ್ಮ ಕೇರಿಗೆ ಬ್ರೆಡ್ಡು ಬರುತ್ತಿದ್ದದ್ದು ಕಾಯಿಲೆ ಬಿದ್ದವರಿಗೆ ಮಾತ್ರ, ಅದೂ ದುಡ್ಡು ಕೊಟ್ಟು.

ಅಜ್ಜಿ ಗೌಡರ ಮನೆಯಲ್ಲಿ ಸಗಣಿ ಬಾಚುತ್ತಿದ್ದಳು. ಕೊಟ್ಟಿಗೆವರೆಗೆ ಅವಳಿಗೆ ದಾರಿ. ನಡುಮನೆಯ ಹೊಸಿಲು ಕಂಡವಳಲ್ಲ. ಓದು ಬಾರದು. ಬೈಬಲ್ಲಿನಲ್ಲಿ ಅವಳಿಗೆ ಬೇಕಾಗಿದ್ದದ್ದು ಒಂದೇ ಕತೆ. "ಗುಡೀಲಿ ಹುಟ್ಟಿದ್ರೆ ನಾನೆಲ್ಲಿ ನೋಡಕ್ಕಾಗ್ತಿತ್ತು ಮಗ? ಆವಯ್ಯ ಕೊಟ್ಟಿಗೇಲಿ ಹುಟ್ಟವ್ನೆ. ಅಲ್ಲಿಗೆ ಹೋಗಕ್ಕೆ ನಂಗ್ಯಾರ ಅಪ್ಪಣೆ?" ಇಷ್ಟೇ ಅವಳ ದೇವಶಾಸ್ತ್ರ. ಯಾವ ಸಮ್ಮೇಳನದಲ್ಲೂ ನಾನು ಇಂಥ ಮಾತು ಕೇಳಿಲ್ಲ.

ತಾತನ ಕಾರಣ ಬೇರೆ. ಅವನ ಅವ್ವನಿಗೆ ಹೆರಿಗೆ ಕಷ್ಟವಾಗಿ ಎತ್ತಿನ ಗಾಡಿಯಲ್ಲಿ ಹಾಸನದ ಮಿಷನ್ ಆಸ್ಪತ್ರೆಗೆ ಒಯ್ದರಂತೆ. ರೆಡ್‌ಫರ್ನ್ ಆಸ್ಪತ್ರೆ ಅಂತಾರಲ್ಲ, ಅದೇ. "ನಮ್ಮವ್ವನ ಮೈ ಮುಟ್ಟಿದ್ರು ಕಣ್ಲಾ. ಮುಟ್ಟಾದ್ ಮ್ಯಾಲೆ ಕೈ ತೊಳಿಯೋರ್ನ ಬೇಕಾದಷ್ಟು ಕಂಡಿದ್ವಿ. ಇವ್ರು ಮುಟ್ಟೋಕ್ ಮೊದ್ಲೂ ತೊಳ್ಕೊಂಡ್ರಂತೆ!"

ಆ ಮುಟ್ಟುವಿಕೆಗೆ ತಾತ ಕಂದಾಯ ಕಟ್ಟಬೇಕಾಯಿತು. ದರಖಾಸ್ತು ಜಮೀನಿಗೆ ಅರ್ಜಿ ಹಾಕಿದಾಗ ಕಚೇರಿಯೊಂದರಲ್ಲಿ "ನೀನು ಕಿರಸ್ತಾನ, ಪಟ್ಟೀಲಿ ಬರಲ್ಲ ಹೋಗು" ಅಂದರು. 1950ರ ರಾಷ್ಟ್ರಪತಿ ಆದೇಶದಂತೆ ಹಿಂದೂವಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಒಳಗೆ ಬಿಟ್ಟರು. ಕ್ರೈಸ್ತರೂ ಮುಸ್ಲಿಮರೂ ಹೊರಗೇ ಉಳಿದರು. ಈ ಬೇಲಿ ಕೀಳಿರೆಂದು 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಹೇಳಿತು, ಕಿತ್ತವರಿಲ್ಲ. 2022ರಲ್ಲಿ ಬಾಲಕೃಷ್ಣನ್ ಆಯೋಗ ನೇಮಿಸಿದರು. ಆಯೋಗಗಳು ಬರುತ್ತಿರುತ್ತವೆ. ಕಚೇರಿಗೆ ಕ್ರೈಸ್ತನಾದ ತಾತ ಸಂಜೆ ಊರ ಹೋಟೆಲಿಗೆ ಹೋದರೆ ಅವನ ಲೋಟ ಸೂರಿನಡಿ ಬೇರೆಯೇ ಇರುತ್ತಿತ್ತು. ಆ ಲೋಟಕ್ಕೆ ಯಾರೂ ದೀಕ್ಷಾಸ್ನಾನ ಮಾಡಿಸಿರಲಿಲ್ಲ.

ಅಪ್ಪನನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ಕೇಳದೆಯೇ 'ಹಿಂದೂ, ಆದಿ ಕರ್ನಾಟಕ' ಅಂತ ಬರೆದರು. ಅಪ್ಪ ಆಮೇಲೆ ಚರ್ಚಿಗೂ ಹೋಗಲಿಲ್ಲ, ಗುಡಿಗೂ ಹೋಗಲಿಲ್ಲ. ನನ್ನ ಹಾಸ್ಟೆಲು, ಸ್ಕಾಲರ್‌ಶಿಪ್ಪು, ಡಿಗ್ರಿ ಎಲ್ಲ ಆ ಒಂದು ಗೆರೆಯಿಂದ ಬಂದದ್ದು. ಒಂದೇ ಜಗುಲಿಯ ಮೇಲೆ ಕೂತು ಒಂದೇ ತಣಿಗೆಯಲ್ಲಿ ಮುದ್ದೆ ಮುರಿದರೂ ಸರ್ಕಾರದ ಲೆಕ್ಕದಲ್ಲಿ ನಾನು ದಲಿತ, ತಾತ ಅಲ್ಲ.

ತಾತ ಸತ್ತಾಗ ಹೊಳೆನರಸೀಪುರದ ಕಡೆಯಿಂದ ಸಭೆಯ ಅಯ್ಯನೋರು ಬಂದರು, ಚನ್ನರಾಯಪಟ್ಟಣದ ನಂಟರು ತಮಟೆ ತಂದರು. ಅಯ್ಯನೋರು ತಮಟೆ ಬೇಡವೆಂದರು. ಹೆಣದ ತಲೆದೆಸೆಯಲ್ಲಿ ಕೂತಿದ್ದ ಅಜ್ಜಿ ತಲೆಯೆತ್ತಿ, "ಅವ್ರಪ್ಪ ಬಡೀತಿದ್ದ ತಮಟೆ ಅಯ್ನೋರೇ ಅದು. ಅವ್ರು ಬಡೀಲಿ, ನೀವು ಓದಿ" ಅಂದಳು. ಅವರು ಬಡಿದರು, ಇವರು ಓದಿದರು.

ಎರಡು ವರ್ಷಕ್ಕೆ ಅವಳೂ ಹೋದಳು. ಕೆರೆ ಹಿಂದಿನ ನಮ್ಮ ಕೇರಿಯ ಸ್ಮಶಾನದಲ್ಲಿ ಇಬ್ಬರೂ ಪಕ್ಕಪಕ್ಕ ಇದ್ದಾರೆ. ಕಡ್ಡಿ ಕಟ್ಟಿ ನೆಟ್ಟ ಶಿಲುಬೆಗಳನ್ನು ಮೇಕೆಗಳು ಉರುಳಿಸುತ್ತವೆ. ಹೊಲದಿಂದ ಬರುವಾಗ ಅಪ್ಪ ಮತ್ತೆ ನೆಟ್ಟು ಬರುತ್ತಾನೆ. ಮೂರನೇ ದಿನ ಹಾಲುತುಪ್ಪ ಬಿಟ್ಟವನೂ ಅವನೇ.