ತೊರಾಜರ ನಾಡಿನಲ್ಲಿ ಮನೆ ಮತ್ತು ಮರಣ

ಇಂಡೊನೇಷ್ಯದ ಸುಲಾವೆಸಿ ದ್ವೀಪದಲ್ಲಿ, ಮಕಾಸ್ಸರ್ ನಗರದಿಂದ ಉತ್ತರಕ್ಕೆ 300 ಕಿಲೋಮೀಟರಿಗೂ ಮಿಗಿಲಾದ ಹಾದಿಯನ್ನು ಕ್ರಮಿಸಿದರೆ ತೊರಾಜ ಜನರ ಬೆಟ್ಟದ ಸೀಮೆ ದೊರೆಯುತ್ತದೆ. ರಾಂತೆಪಾವೊ ಪಟ್ಟಣದ ಸಮೀಪ ಕೇತೆ ಕೇಸು ಎಂಬ ಗ್ರಾಮವಿದೆ. ಅಲ್ಲಿ ಸಾಲಾಗಿ ನಿಂತ ಮನೆಗಳು ನಮಗೆ ದೂರದಿಂದ ದೋಣಿಗಳಂತೆ ಕಂಡವು. ಎರಡೂ ತುದಿಗಳಲ್ಲಿ ಮೇಲಕ್ಕೆ ಬಾಗಿದ ಛಾವಣಿ, ಕೆಳಗೆ ಮರದ ಕಂಬಗಳು, ಗೋಡೆಗಳ ಮೇಲೆ ಕಪ್ಪು, ಕೆಂಪು, ಹಳದಿ, ಬಿಳಿ ಬಣ್ಣಗಳ ಕೆತ್ತನೆ. ಇವಕ್ಕೆ ತೊಂಗ್‌ಕೊನಾನ್ ಎಂದು ಹೆಸರು. ಕುಳಿತುಕೊಳ್ಳುವುದು ಎಂಬ ಅರ್ಥದ ಮಾತಿನಿಂದ ಬಂದ ಪದವಿದು. ಕುಲದವರೆಲ್ಲ ಕೂಡಿ ಕುಳಿತು ವಿಚಾರಿಸುವ ಈ ಮೂಲಮನೆ ಯಾರೊಬ್ಬರ ಸ್ವತ್ತೂ ಅಲ್ಲ.

ಮನೆಗಳ ಮುಖ ಉತ್ತರಕ್ಕೆ, ಎದುರಿನ ಭತ್ತದ ಕಣಜಗಳ ಮುಖ ದಕ್ಷಿಣಕ್ಕೆ. ದಕ್ಷಿಣವು ಪೂಯ ಎಂಬ ಪಿತೃಲೋಕದ ದಿಕ್ಕು. ಆದರೆ ಮೃತರು ಒಡನೆಯೇ ಅಲ್ಲಿಗೆ ತೆರಳುವುದಿಲ್ಲ. ಅಂತ್ಯವಿಧಿ ನೆರವೇರುವವರೆಗೆ ಅವರನ್ನು ಅಸ್ವಸ್ಥರೆಂದೇ ಭಾವಿಸಿ, ಮನೆಯಲ್ಲಿಯೇ ಇರಿಸಿಕೊಂಡು, ಅನ್ನಪಾನಗಳನ್ನು ನೀಡಿ ಮಾತನಾಡಿಸುತ್ತಾರೆ. ದೂರದ ಬಂಧುಗಳು ಬರಬೇಕು, ಹಣ ಕೂಡಬೇಕು. ಹೀಗೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಉರುಳುತ್ತವೆ.

ಆ ವಿಧಿಗೆ ರಂಬು ಸೊಲೊ ಎನ್ನುತ್ತಾರೆ. ಇಳಿಯುವ ಹೊಗೆ ಎಂದು ಅದರ ಅರ್ಥ. ಕುಲೀನರ ಮನೆಯಲ್ಲಾದರೆ ಹತ್ತಾರು ಕೋಣಗಳು ಬಲಿಯಾಗುತ್ತವೆ. ಮೃತರನ್ನು ಪೂಯಕ್ಕೆ ಒಯ್ಯುವವು ಅವೇ ಎಂಬುದು ಹಳೆಯ ನಂಬಿಕೆ. ಬಲಿ ನಮ್ಮ ಮನಸ್ಸಿಗೆ ಒಗ್ಗುವಂಥದಲ್ಲ. ಆದರೂ ಅದರ ಹಿಂದಿನ ವ್ಯವಸ್ಥೆಯನ್ನು ಅರಿಯಬೇಕು. ಬಂಧುಗಳು ತಂದ ಪ್ರತಿಯೊಂದು ಕೋಣವೂ ಋಣವೇ. ಅವರ ಮನೆಯಲ್ಲಿ ಮರಣವಾದಾಗ ಅದನ್ನು ಹಿಂದಿರುಗಿಸಬೇಕು, ತಂದೆ ತೀರಿಸದಿದ್ದರೆ ಮಗ ತೀರಿಸಬೇಕು. ಬಲಿಯಾದ ಕೋಣಗಳ ಕೊಂಬುಗಳನ್ನು ಮನೆಯ ಮುಂಗಂಬಕ್ಕೆ ಒಂದರ ಮೇಲೊಂದು ಜೋಡಿಸುತ್ತಾರೆ. ಕಂಬವನ್ನು ನೋಡಿದರೆ ಆ ಕುಲ ಎಷ್ಟು ದೊಡ್ಡ ವಿಧಿಗಳನ್ನು ನಡೆಸಿದೆಯೆಂದು ತಿಳಿಯುತ್ತದೆ. ಶವವನ್ನು ಬಂಡೆಯಲ್ಲಿ ಕೊರೆದ ಗೋರಿಗೆ ಒಯ್ಯುವ ಚಟ್ಟದ ಮೇಲೂ ತೊಂಗ್‌ಕೊನಾನಿನದೇ ಪುಟ್ಟ ಛಾವಣಿ.

ಪೂರ್ವಜರ ಈ ಧರ್ಮವನ್ನು ಇಂಡೊನೇಷ್ಯ ಸರ್ಕಾರವು 1969ರಲ್ಲಿ ಹಿಂದೂಧರ್ಮದ ಒಂದು ಶಾಖೆಯೆಂದು ಮಾನ್ಯ ಮಾಡಿತು. ಇಂದು ತೊರಾಜರಲ್ಲಿ ಬಹುಪಾಲು ಜನ ಕ್ರೈಸ್ತರು. ಬಿದಿರಿನ ಛಾವಣಿಗಳ ಜಾಗದಲ್ಲಿ ತಗಡು ಬಂದಿದೆ. ಅನೇಕರು ವಾಸಿಸುವುದು ಸಾಧಾರಣ ಮನೆಗಳಲ್ಲಿ. ಆದರೂ ನಗರಗಳಲ್ಲಿ ದುಡಿಯುವ ಮಕ್ಕಳು ಅಂತ್ಯವಿಧಿಗೆ ಗಳಿಕೆಯನ್ನು ಕಳುಹಿಸುತ್ತಾರೆ, ತಾವೂ ಬರುತ್ತಾರೆ. ಇದನ್ನು ದುಂದು ಎಂದು ಹಳಿಯುವುದು ಸುಲಭ. ಸಾಲದ ಭಾರವೂ ಸುಳ್ಳಲ್ಲ. ಆದರೆ ಈ ವಿಧಿಯೇ ನಿಂತುಹೋದರೆ ಚದುರಿದ ಕುಲವನ್ನು ಮೂಲಮನೆಯ ಅಂಗಳಕ್ಕೆ ಮರಳಿ ಕರೆಯುವವರು ಯಾರೆಂದು ಅಲ್ಲಿನ ಹಿರಿಯರು ಕೇಳಿದರೆ, ಅದಕ್ಕೆ ಉತ್ತರ ಕೊಡುವುದು ಸುಲಭವಲ್ಲ.