ಜಗಲಿಯ ಮೇಲಿನ ಪರೀಕ್ಷೆ

ನನ್ನ ತಮ್ಮನ ಮಗಳು ೨೦೨೪ರ ಸಂಕ್ರಾಂತಿ ಕಳೆದ ಮರುವಾರ ಬೆಂಗಳೂರಿನಿಂದ ಊರಿಗೆ ಬಂದವಳು, ನಮ್ಮ ಮನೆಯ ಜಗಲಿಯನ್ನು ಹತ್ತುತ್ತಿರುವಾಗಲೇ, “ದೊಡ್ಡಪ್ಪ, ನೀವು ಹತ್ತು ದಿನದ ಮಟ್ಟಿಗೆ ನನ್ನ ಪರೀಕ್ಷಕರಾಗಬೇಕು” ಎಂದಳು. ವ್ಯವಹಾರವಿದ್ಯೆಯನ್ನು ಕಲಿಸುವ ಸಂಸ್ಥೆಯೊಂದರಿಂದ ಅವಳಿಗೆ ಸಂದರ್ಶನದ ಕರೆ ಬಂದಿದ್ದಿತು.

“ಅಮ್ಮಾ, ನಾನು ಪಾಠಶಾಲೆಯಲ್ಲಿ ಕೌಮುದಿಯನ್ನೂ ತರ್ಕಸಂಗ್ರಹವನ್ನೂ ಉರುಹೊಡೆದವನು. ನಿನ್ನ ವಿದ್ಯೆಯಲ್ಲಿ ನನಗೆ ಓನಾಮವೂ ಬಾರದು. ಏನನ್ನು ಕೇಳಲಿ?” ಎಂದೆನು.

“ಓದಿದ್ದನ್ನು ಕೇಳುವವರು ಬೆಂಗಳೂರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಒಂದು ಉತ್ತರ ಕೊಟ್ಟರೆ ಅದನ್ನು ಬಿಡದೆ ಹಿಡಿದು ಜಗ್ಗುವವರು ನನಗೆ ಬೇಕು. ಶಾಲೆಯಲ್ಲಿ ನಿಮ್ಮ ಕೈಗೆ ಸಿಕ್ಕಿದವರೆಲ್ಲ ನಿಮ್ಮ ಹೆಸರನ್ನೇ ಹೇಳುತ್ತಾರೆ.”

ಇದು ಹೊಗಳಿಕೆಯೋ ತೆಗಳಿಕೆಯೋ ತಿಳಿಯದೆಯೇ ನಾನು ಒಪ್ಪಿಕೊಂಡೆನು.

ವಾಚಕರಲ್ಲಿ ನನ್ನಂತೆ ಈ ವಿಷಯವನ್ನರಿಯದವರು ಕೆಲವರಾದರೂ ಇರಬಹುದಾದುದರಿಂದ ಎರಡು ಮಾತನ್ನು ಹೇಳಬೇಕಾಗಿದೆ. ನಮ್ಮ ದೇಶದಲ್ಲಿ ಈ ವಿದ್ಯೆಗಾಗಿ ಸರಕಾರವು ಸ್ಥಾಪಿಸಿದ ಮೊದಲ ಎರಡು ಸಂಸ್ಥೆಗಳು ಕಲಕತ್ತೆಯಲ್ಲಿಯೂ ಅಹಮದಾಬಾದಿನಲ್ಲಿಯೂ ೧೯೬೧ರಲ್ಲಿ ಹುಟ್ಟಿದುವು, ಬೆಂಗಳೂರಿನದು ೧೯೭೩ರದು. ಬನ್ನೇರುಘಟ್ಟದ ರಸ್ತೆಯಲ್ಲಿರುವ ಆ ಸಂಸ್ಥೆಯ ಕಟ್ಟಡಗಳನ್ನು ಬಾಲಕೃಷ್ಣ ದೋಶಿಯವರು ಒರಟು ಕಲ್ಲಿನ ಗೋಡೆಗಳಿಂದಲೂ ಉದ್ದುದ್ದನೆಯ ಪಡಸಾಲೆಗಳಿಂದಲೂ ರಚಿಸಿರುವರು. ಎಷ್ಟೋ ವರ್ಷಗಳ ಕೆಳಗೆ ಅದನ್ನು ನೋಡಿದಾಗ, ಅಂಗಡಿಯ ವಿದ್ಯೆಗೆ ದೇವಾಲಯದ ಪ್ರಾಕಾರವೇಕೆ ಎಂದು ನಾನು ಸಂಗಡಿಗರೊಡನೆ ನಗೆಯಾಡಿದ್ದುಂಟು. ಇಂಥ ಸಂಸ್ಥೆಗಳನ್ನು ಸೇರಬೇಕೆನ್ನುವವರಿಗೆ ವರ್ಷಕ್ಕೊಮ್ಮೆ ‘ಕ್ಯಾಟ್’ ಎಂಬ ಪರೀಕ್ಷೆ ನಡೆಯುತ್ತದೆ. ಭಾಷೆ, ಅಂಕಿ-ಅಂಶಗಳ ತರ್ಕ, ಗಣಿತ ಎಂದು ಮೂರು ಭಾಗ. ಒಂದೊಂದಕ್ಕೆ ೪೦ ನಿಮಿಷ. ೨೦೨೩ರ ನವೆಂಬರ್ ೨೬ರಂದು ಇದಕ್ಕೆ ಕುಳಿತವರು ಹೆಚ್ಚುಕಡಮೆ ೨ ಲಕ್ಷ ೮೮ ಸಾವಿರ ಮಂದಿಯಂತೆ. ಅದರಲ್ಲಿ ಜರಡಿಯಾಡಿ ಉಳಿದವರನ್ನು ಇಬ್ಬರು ಮೂವರು ಪ್ರಾಧ್ಯಾಪಕರು ಎದುರಿಗೆ ಕೂಡಿಸಿಕೊಂಡು ಇಪ್ಪತ್ತು ನಿಮಿಷದಷ್ಟು ಕಾಲ ಮಾತನಾಡಿಸುವರು. ಸಂದರ್ಶನವೆಂದರೆ ಚೆನ್ನಾಗಿ ನೋಡುವುದು ಎಂದರ್ಥ. ಪದವು ಸರಿಯಾಗಿಯೇ ಇದೆ.

ಮೊದಲನೆಯ ಸಂಜೆ ಅವಳು ದಪ್ಪನೆಯ ಮೂರು ಪುಸ್ತಕಗಳನ್ನು ತಂದು ಜಗಲಿಯ ಮೇಲಿಟ್ಟಳು. ತರಬೇತಿ ಕೊಡುವವರು ಬರೆಯಿಸಿದ ಪ್ರಶ್ನೋತ್ತರಗಳು. ನಾನು ಒಂದನ್ನು ತೆರೆದು, “ನಿನ್ನಲ್ಲಿರುವ ದೋಷವೇನು?” ಎಂದು ಓದಿದೆನು.

“ಹಿಡಿದ ಕೆಲಸವನ್ನು ಪೂರ್ಣವಾಗಿ ಮಾಡದೆ ನಾನು ಏಳುವುದಿಲ್ಲ, ಇದರಿಂದ ನನ್ನ ವಿಶ್ರಾಂತಿಗೆ ಕೊರತೆಯಾಗುತ್ತದೆ.”

ನನಗೆ ನಗು ತಡೆಯಲಾಗಲಿಲ್ಲ. “ಮಗೂ, ಇದಕ್ಕೆ ಅಲಂಕಾರಶಾಸ್ತ್ರದಲ್ಲಿ ವ್ಯಾಜಸ್ತುತಿಯೆಂದು ಹೆಸರು. ನಿಂದೆಯ ವೇಷದಲ್ಲಿ ಬಂದ ಹೊಗಳಿಕೆ. ರಾಜರನ್ನು ಹೊಗಳುವ ಕವಿಗಳು ಇದನ್ನು ಬಳಸುತ್ತಿದ್ದರು, ತಮ್ಮನ್ನು ತಾವು ಹೊಗಳಿಕೊಳ್ಳುವುದಕ್ಕೆ ಅವರೂ ಬಳಸಿದವರಲ್ಲ” ಎಂದೆನು. ಅವಳು ಆ ಹಾಳೆಯನ್ನು ಹರಿದುಹಾಕಿದಳು.

ಆಮೇಲೆ ನನಗೂ ಹುರುಪು ಬಂದಿತು. ನ್ಯಾಯಸೂತ್ರಗಳ ಕೊನೆಯ ಅಧ್ಯಾಯದಲ್ಲಿ ವಾದಿಯು ಸೋಲುವ ಎಡೆಗಳನ್ನು ಎಣಿಸಿದ್ದಾರೆ. ನಿಗ್ರಹಸ್ಥಾನಗಳೆಂದು ಅವುಗಳ ಹೆಸರು, ಒಟ್ಟು ೨೨. ಕೇಳಿದ್ದನ್ನು ಬಿಟ್ಟು ಬೇರೊಂದಕ್ಕೆ ಜಾರಿದರೆ ಅರ್ಥಾಂತರ. ಆಡಿದ ಮಾತನ್ನೇ ಮತ್ತೆ ಆಡಿದರೆ ಪುನರುಕ್ತ. ಮೂರು ಸಲ ಹೇಳಿದರೂ ಸಭೆಗೂ ಎದುರಾಳಿಗೂ ತಿಳಿಯದಂತೆ ಹೇಳಿದರೆ ಅವಿಜ್ಞಾತಾರ್ಥ. ಕೆಲಸವಿದೆಯೆಂದು ನೆಪ ಹೇಳಿ ವಾದದಿಂದ ಎದ್ದುಹೋಗುವುದು ವಿಕ್ಷೇಪ. ಉತ್ತರ ಹೊಳೆಯದೆ ಸುಮ್ಮನಾಗುವುದು ಅಪ್ರತಿಭೆ. ನಾನು ಇವುಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು ಕುಳಿತೆನು. “ನಿನ್ನ ಉದ್ಯೋಗವೇನು?” ಎಂಬುದಕ್ಕೆ ಅವಳು ಕೊಟ್ಟ ಉತ್ತರವು ಅಪ್ಪಟ ಅವಿಜ್ಞಾತಾರ್ಥವಾಗಿದ್ದಿತು. ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ ನಿನ್ನ ಕೈ ಏನು ಮಾಡುತ್ತದೆ ಎಂಬುದನ್ನು ನಿನ್ನ ದೊಡ್ಡಮ್ಮನಿಗೆ ತಿಳಿಯುವಂತೆ ಹೇಳೆಂದೆನು. ಎರಡು ದಿನ ಹಿಡಿಯಿತು. ಕಡೆಗೆ, ಉಗ್ರಾಣದಲ್ಲಿ ಯಾವ ಸರಕು ಎಷ್ಟಿದೆಯೆಂದು ಎಣಿಸುವ ಗಣಕಯಂತ್ರದ ಕ್ರಮವು ಎಲ್ಲಿ ಸುಳ್ಳು ಹೇಳುತ್ತದೆಯೆಂಬುದನ್ನು ಹುಡುಕುವುದೇ ತನ್ನ ಕೆಲಸವೆಂದಳು. ನನ್ನ ಹೆಂಡತಿಯು ಒಳಗಿನಿಂದ, “ಹಾಗಾದರೆ ನಮ್ಮ ಪಡಿತರದ ಅಂಗಡಿಗೆ ಒಮ್ಮೆ ಹೋಗಿ ಬಾರಮ್ಮ” ಎಂದಳು. ಉತ್ತರ ಸಿದ್ಧವಾಯಿತೆಂದು ನಾವು ತಿಳಿದೆವು.

ತಿಳಿಯದಿದ್ದರೆ ಏನು ಮಾಡಬೇಕೆಂದು ಅವಳು ಕೇಳಿದಾಗ ನನ್ನದೊಂದು ಕಥೆಯನ್ನು ಹೇಳಬೇಕಾಯಿತು. ಪಾಠಶಾಲೆಯ ವಾಕ್ಪರೀಕ್ಷೆಯಲ್ಲಿ ವಯೋವೃದ್ಧರಾದ ವಿದ್ವಾಂಸರೊಬ್ಬರು ವ್ಯಾಪ್ತಿಯ ಲಕ್ಷಣದ ಮೇಲೆ ನನ್ನನ್ನು ಒಂದು ಪ್ರಶ್ನೆ ಕೇಳಿದರು. ನನಗೆ ತಿಳಿದಿರಲಿಲ್ಲ. ತಿಳಿಯದೆಂದು ಹೇಳಲು ಇಪ್ಪತ್ತರ ವಯಸ್ಸು ಬಿಡಲಿಲ್ಲ. ಕಾಲು ಗಂಟೆಯ ಹೊತ್ತು ನಿರರ್ಗಳವಾಗಿ ಸಂಸ್ಕೃತದಲ್ಲಿ ಮಾತನಾಡಿದೆನು. ಅವರು ಕಣ್ಣು ಮುಚ್ಚಿ ಪೂರ್ತಿಯಾಗಿ ಕೇಳಿ, “ನಿನ್ನ ಕಂಠ ಚೆನ್ನಾಗಿದೆ” ಎಂದರು. ಇನ್ನೇನನ್ನೂ ಕೇಳಲಿಲ್ಲ. ಆ ಮಾತು ಇಂದಿಗೂ ಒಮ್ಮೊಮ್ಮೆ ರಾತ್ರಿ ಕಿವಿಯಲ್ಲಿ ಕೇಳಿಸುತ್ತದೆ.

ಇಷ್ಟರಮಟ್ಟಿಗೆ ನಾನೂ ಅವಳೂ ಉಲ್ಲಾಸದಿಂದಲೇ ಇದ್ದೆವು. ಒಂದು ಪ್ರಶ್ನೆ ಮಾತ್ರ ಹಾಗೆಯೇ ಉಳಿದುಕೊಂಡಿದ್ದಿತು. “ಈ ವಿದ್ಯೆಯು ನಿನಗೇಕೆ ಬೇಕು?” ಇದೇ ಮೊದಲ ಪ್ರಶ್ನೆಯೆಂದು ಅವಳ ಪುಸ್ತಕಗಳಲ್ಲೆಲ್ಲ ಇದ್ದಿತು. ನಾಯಕತ್ವ, ದೇಶದ ಏಳಿಗೆ, ವಿಶಾಲದೃಷ್ಟಿ ಎಂದು ಅವಳು ಒಪ್ಪಿಸುವಳು, ನಾನು ಅರ್ಥಾಂತರವೆನ್ನುವೆನು, ಅವಳು ಮುಖವನ್ನು ತಿರುಗಿಸಿಕೊಳ್ಳುವಳು.

ಅವಳಿಗೆ ನೆರವಾಗಲೆಂದು ನಾನು ಐದನೆಯ ದಿನ ಕೌಟಿಲ್ಯನ ಅರ್ಥಶಾಸ್ತ್ರವನ್ನು ಕಪಾಟಿನಿಂದ ತೆಗೆದೆನು. ಅದರ ತಾಳೆಯೋಲೆಯ ಪ್ರತಿಯು ೧೯೦೫ರಲ್ಲಿ ನಮ್ಮ ಮೈಸೂರಿನಲ್ಲಿಯೇ ಬೆಳಕಿಗೆ ಬಂದುದನ್ನೂ, ಆರ್. ಶಾಮಾಶಾಸ್ತ್ರಿಗಳು ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದುದನ್ನೂ ಹೇಳಿದೆನು. ಗ್ರಂಥದ ಆರಂಭದಲ್ಲಿಯೇ ಆನ್ವೀಕ್ಷಿಕೀ, ತ್ರಯೀ, ವಾರ್ತಾ, ದಂಡನೀತಿ ಎಂದು ನಾಲ್ಕು ವಿದ್ಯೆಗಳನ್ನು ಹೇಳಿರುವುದನ್ನು ವಿವರಿಸಿದೆನು. “ವಾರ್ತೆಯೆಂದರೆ ಕೃಷಿ, ಪಶುಪಾಲನೆ, ವಾಣಿಜ್ಯ. ನೋಡು, ವೇದಗಳೊಡನೆ ಒಂದೇ ಪಂಕ್ತಿಯಲ್ಲಿ ವಾಣಿಜ್ಯವನ್ನು ಕೂಡಿಸಿದ್ದಾನೆ. ನಿನ್ನ ವಿದ್ಯೆಯು ಅಷ್ಟು ಹಳೆಯದು, ಅಷ್ಟು ಗೌರವದ್ದು. ಇದನ್ನು ಅಲ್ಲಿ ಹೇಳು” ಎಂದೆನು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೆಲ್ಲನೆ, “ದೊಡ್ಡಪ್ಪ, ಇದನ್ನು ನೀವು ಅಪ್ಪನಿಗೆ ಆಗ ಹೇಳಲಿಲ್ಲವಲ್ಲ” ಎಂದಳು.

ನನ್ನ ತಮ್ಮನು ರಥಬೀದಿಯಲ್ಲಿ ಪುಸ್ತಕ ಮತ್ತು ಲೇಖನಸಾಮಗ್ರಿಗಳ ಅಂಗಡಿಯನ್ನಿಟ್ಟಿದ್ದನು. ೨೦೧೩ರ ಆಷಾಢದಲ್ಲಿ ಒಂದು ಸಂಜೆ ಇದೇ ಜಗಲಿಗೆ ಬಂದು, ಆರು ತಿಂಗಳಲ್ಲಿ ಹಿಂದಿರುಗಿಸುವೆನೆಂದು ಎರಡು ಲಕ್ಷ ರೂಪಾಯಿ ಸಾಲ ಕೇಳಿದನು. ಬ್ಯಾಂಕಿನಲ್ಲಿ ನನ್ನ ಹೆಸರಿನಲ್ಲಿ ಮೂರು ಲಕ್ಷ ಠೇವಣಿಯಿದ್ದಿತು. ಇಲ್ಲವೆಂದು ಸುಳ್ಳು ಹೇಳಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಹೇಳಿದೆನು. “ನಮ್ಮದು ತಕ್ಕಡಿ ಹಿಡಿಯುವ ಮನೆತನವಲ್ಲ. ನಿನಗೆ ಮೊದಲೇ ಹೇಳಿದ್ದೆ” ಎಂದೆನು. ಅವನು ಮಾತನಾಡದೆ ಚಪ್ಪಲಿ ಮೆಟ್ಟಿ ಹೋದನು. ಅಂಗಡಿಯು ೨೦೧೫ರಲ್ಲಿ ಮುಚ್ಚಿತು. ಅವನು ಬೇರೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದನು. ಹಬ್ಬಹರಿದಿನಗಳಲ್ಲಿ ನಾವು ಕೂಡಿ ಉಣ್ಣುತ್ತಿದ್ದೆವು. ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ಆ ಸಂಜೆ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಒಳಗೆ ದೊಡ್ಡಮ್ಮನ ಬಳಿ ಕುಳಿತು ಹೂ ಕಟ್ಟುತ್ತಿದ್ದುದು ನನಗೆ ನೆನಪೇ ಇರಲಿಲ್ಲ.

ಮರುದಿನ ಅವಳು ಅಟ್ಟದಿಂದ ಇಳಿಸಿದ ಅಂಗಡಿಯ ಖಾತೆ ಪುಸ್ತಕವನ್ನು ತಂದು, ಮೊದಲ ಪ್ರಶ್ನೆಗೆ ಉತ್ತರ ಹೇಳಿದಳು. ಅಪ್ಪನು ಆ ವರ್ಷ ಅವೆನ್ಯೂ ರಸ್ತೆಯ ಸಗಟು ವರ್ತಕರಿಂದ ೪೫ ದಿನದ ವಾಯಿದೆಗೆ ೬ ಲಕ್ಷದ ಸರಕನ್ನು ತಂದನು. ೭ ಲಕ್ಷ ೨೦ ಸಾವಿರಕ್ಕೆ ಅಷ್ಟನ್ನೂ ಮಾರಿದನು. ಲೆಕ್ಕದ ಪ್ರಕಾರ ೧ ಲಕ್ಷ ೨೦ ಸಾವಿರ ಲಾಭ. ಆದರೆ ಅದರಲ್ಲಿ ೩ ಲಕ್ಷವು ಶಾಲೆಗಳಿಗೆ ಕೊಟ್ಟ ಉದ್ರಿ. ಆ ಹಣ ಕೈಗೆ ಬಂದದ್ದು ಮುಂದಿನ ಜನವರಿಯಲ್ಲಿ. ವಾಯಿದೆಯ ದಿನ ಪೆಟ್ಟಿಗೆಯಲ್ಲಿದ್ದದ್ದು ೪ ಲಕ್ಷ ೨೦ ಸಾವಿರ. ಉಳಿದುದಕ್ಕೆ ತಿಂಗಳಿಗೆ ನೂರಕ್ಕೆ ಮೂರರಂತೆ ಕೈಸಾಲ ತಂದನು. ವಾಯಿದೆ ತಪ್ಪಿದವನಿಗೆ ಮರುವರ್ಷ ಸಗಟಿನವರು ಉದ್ರಿ ಕೊಡಲಿಲ್ಲ. “ಅಪ್ಪ ನಷ್ಟದಿಂದ ಮುಳುಗಲಿಲ್ಲ. ಲಾಭವಿದ್ದೂ ಮುಳುಗಿದರು. ಅದು ಹೇಗಾಗುತ್ತದೆ, ಅದನ್ನು ತಡೆಯುವುದು ಹೇಗೆ ಎಂದು ನನಗೆ ತಿಳಿಯಬೇಕು.”

ಇದರಲ್ಲಿ ಯಾವ ನಿಗ್ರಹಸ್ಥಾನವೂ ನನಗೆ ಸಿಕ್ಕಲಿಲ್ಲ. ಬಿಡದೆ ಹಿಡಿಯುವವನೆಂದು ನನ್ನನ್ನು ಅವಳು ಆರಿಸಿದ್ದಳಷ್ಟೆ. ಅಲ್ಲಿ ಕುಳಿತವರು ಮುಂದೆ ಕೇಳಬಹುದಾದ ಪ್ರಶ್ನೆಯೊಂದು ನನಗೆ ಸ್ಪಷ್ಟವಾಗಿ ಕಾಣುತ್ತಿದ್ದಿತು. ಬಿಡಬಹುದಾಗಿದ್ದಿತು, ಬಿಡಲಿಲ್ಲ.

“ಅಷ್ಟು ಚಿಕ್ಕ ಮೊತ್ತಕ್ಕೆ ನಿಮ್ಮ ಕುಟುಂಬದಲ್ಲಿ ಯಾರೂ ನೆರವಾಗಲಿಲ್ಲವೆ?” ಎಂದು ಕೇಳಿದೆನು.

ಅವಳು ತಲೆಯೆತ್ತಿ, “ಇದಕ್ಕೆ ಏನು ಹೇಳಲಿ, ದೊಡ್ಡಪ್ಪ?” ಎಂದಳು.

“ನಡೆದದ್ದನ್ನು ಹೇಳು. ತಂದೆಯ ಅಣ್ಣನ ಬಳಿ ಹಣವಿದ್ದಿತು; ವ್ಯಾಪಾರವು ಕೀಳೆಂಬ ಭಾವನೆಯಿಂದ ಕೊಡಲಿಲ್ಲವೆಂದು ಹೇಳು. ಅದಕ್ಕೆ ಬಣ್ಣ ಹಚ್ಚಬೇಡ. ನನ್ನನ್ನು ಬಯ್ಯಲೂ ಬೇಡ. ಬಯ್ದರೆ ಅರ್ಥಾಂತರವಾದೀತು.”

ಅವಳು ಹಾಗೆಯೇ ಹೇಳಿದಳು. ಮೊದಲ ಸಲ ಗಂಟಲು ಕಟ್ಟಿತು. ಮೂರನೆಯ ಸಲಕ್ಕೆ ಮಾತು ನೇರವಾಗಿ ಬಂದಿತು. ಪರೀಕ್ಷಕನಿಗೆ ಮಾತ್ರ ಮೂರನೆಯ ಸಲವೂ ಮೊದಲಿನಂತೆಯೇ ಇದ್ದಿತು.

ಕಡೆಯ ದಿನ ನನ್ನ ತಮ್ಮನೂ ಬಂದು ಜಗಲಿಯ ಆ ಕೊನೆಯಲ್ಲಿ ಕುಳಿತನು. ಅಂಗಡಿಯ ಸಂಗತಿಯನ್ನು ಹೊರಗೆ ಹೇಳಲು ಅವನ ಅನುಮತಿ ಬೇಕೆಂದು ಮಗಳೇ ಕರೆದಿದ್ದಳು. ನಾನು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿದೆನು. ಆ ಪ್ರಶ್ನೆಯನ್ನೂ ಕೇಳಿದೆನು. ಅವಳು, “ಎರಡು ಲಕ್ಷ ಬೇಕಾಗಿದ್ದಿತು, ದೊಡ್ಡಪ್ಪನವರ ಬಳಿ ಇದ್ದಿತು” ಎಂದು ಹೇಳುತ್ತಿರಲು ಅವನು ಕೈಯೆತ್ತಿ ತಡೆದನು. ನಾನು ಉಸಿರು ಹಿಡಿದೆನು.

“ಒಂದು ಲಕ್ಷ ಎಂಬತ್ತು ಸಾವಿರ. ಬಾಯಿಮಾತಿಗೆ ಎರಡು ಎಂದಿದ್ದೆ. ಅಲ್ಲಿ ಸರಿಯಾದ ಅಂಕಿಯನ್ನು ಹೇಳು” ಎಂದನು. ಅಷ್ಟೇ ಅವನು ಆಡಿದ ಮಾತು.

ಸಂದರ್ಶನದಲ್ಲಿ ನನ್ನ ಪ್ರಶ್ನೆಯು ಬರಲೇ ಇಲ್ಲ. ಶಾಲೆಗಳು ತಡಮಾಡುವುದು ತಿಳಿದಿದ್ದೂ ನಿನ್ನ ತಂದೆಯು ಉದ್ರಿ ಕೊಟ್ಟುದೇಕೆ, ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಬಹಳ ಹೊತ್ತು ಕೆದಕಿದರಂತೆ. ಬಡ್ಡಿಯ ವಿಷಯದಲ್ಲಿ ಕೇಳಿದ ಒಂದು ಪ್ರಶ್ನೆಗೆ ತಿಳಿಯದೆಂದಳಂತೆ; ಅವರು ತಲೆದೂಗಿ ಮುಂದಕ್ಕೆ ಹೋದರಂತೆ. ಆ ಸಂಸ್ಥೆಯಲ್ಲಿ ಅವಳಿಗೆ ಸ್ಥಳ ದೊರೆಯಲಿಲ್ಲ. ಇನ್ನೊಂದರಲ್ಲಿ ದೊರೆತು, ಆ ವರ್ಷದ ಮಳೆಗಾಲದಲ್ಲಿ ಸೇರಿಕೊಂಡಳು.

ಖಾತೆ ಪುಸ್ತಕವನ್ನು ಅವಳು ನಮ್ಮ ಮನೆಯಲ್ಲಿಯೇ ಮರೆತುಹೋಗಿದ್ದಳು. ಒಂದು ಮಧ್ಯಾಹ್ನ ಅದನ್ನು ತಿರುವಿಹಾಕುತ್ತಿದ್ದಾಗ ಉದ್ರಿಯ ಪುಟಗಳು ಬಂದುವು. ಶಾಲೆಗಳ ಹೆಸರುಗಳಾದ ಮೇಲೆ ತಮ್ಮನ ದುಂಡನೆಯ ಅಕ್ಷರದಲ್ಲಿ, “ಅಣ್ಣ — ಡಜನ್ ನೋಟುಬುಕ್ಕು, ಕೆಂಪು ಮಸಿ, ಕಾಗದ — ೬೪೦” ಎಂದಿದ್ದಿತು. ತಾರೀಖು ೨೦೧೩ರ ಜೂನ್. ಜಮೆಯ ಮನೆ ಖಾಲಿ.

ಮರುದಿನ ಬೆಳಗ್ಗೆ ಹಣವನ್ನು ತೆಗೆದುಕೊಂಡು ಅವನ ಮನೆಗೆ ಹೋದೆನು. ಅವನು ನೋಟುಗಳನ್ನು ಎಣಿಸಿ, ಕನ್ನಡಕವನ್ನು ಹಾಕಿಕೊಂಡು, ಆ ಸಾಲಿನ ಎದುರಿಗೆ ಜಮೆಯೆಂದು ಬರೆದು ತಾರೀಖು ಹಾಕಿದನು. ಆಮೇಲೆ ಒಳಗೆ ತಿರುಗಿ, ಅಣ್ಣನಿಗೆ ಕಾಫಿ ತರಲು ಹೇಳಿದನು.