ಟ್ರಿಪ್ ಡೈರಿ, ಭಾಗ 4: ಡಿಲೀಟ್ ಮಾಡಿದ ಸ್ಟೋರಿ

ಮೊನ್ನೆ ನಾನು ಹಾಕಿದ್ದ ಸ್ಟೋರಿ ಇಪ್ಪತ್ತೇ ನಿಮಿಷದಲ್ಲಿ ಮಾಯ ಆಯ್ತಲ್ಲ, ಯಾಕೋ ಅಂತ ಏಳೆಂಟು ಜನ ಕೇಳಿದ್ರಿ. ಅದನ್ನೇ ಇಲ್ಲಿ ಬರೀತಿದ್ದೀನಿ.

ಮೊದಲ ಫೋಟೋ ನೋಡಿ. ಬರೀ ಕೈಗಳು, ಬೆರಳಿಗೆಲ್ಲ ಬಟ್ಟೆ ಸುತ್ತಿದೆ. ಮುಖ ಬೇಕಂತಲೇ ಬಿಟ್ಟಿದ್ದೀನಿ. ಊರಿನ ಹೆಸರೂ ಹೇಳಲ್ಲ, ಪಾಂಬನ್ ಸೇತುವೆ ಆಸುಪಾಸಿನ ಮೀನುಗಾರರ ಊರು ಅಂದ್ಕೊಳ್ಳಿ.

ರಾಮೇಶ್ವರಕ್ಕೆ ಹೋದವರು ದೇವಸ್ಥಾನ, 22 ತೀರ್ಥ, ಸೇತುವೆ ನೋಡ್ಕೊಂಡು ವಾಪಸ್ ಬರ್ತಾರೆ. ಆ ಸೇತುವೆಯ ದಕ್ಷಿಣಕ್ಕೆ ಕಾಣೋ ಸಮುದ್ರದಲ್ಲಿ ಒಂದು ನ್ಯಾಷನಲ್ ಪಾರ್ಕ್ ಇದೆ ಅಂತ ನಂಗೂ ಗೊತ್ತಿರ್ಲಿಲ್ಲ. ಮನ್ನಾರ್ ಕೊಲ್ಲಿಯಲ್ಲಿ, ಇಲ್ಲಿಂದ ತೂತ್ತುಕುಡಿವರೆಗೆ ಸಾಲಾಗಿರೋ 21 ದ್ವೀಪ, ಅವುಗಳ ಸುತ್ತಲಿನ ಹವಳದ ದಿಬ್ಬ. 1986ರಲ್ಲಿ ಘೋಷಣೆ ಆಗಿದ್ದು. ನಾನು ಬಂಡೀಪುರದ ಥರ ಗೇಟು, ಜೀಪು ಇರುತ್ತೆ ಅಂದ್ಕೊಂಡಿದ್ದೆ. ಇಲ್ಲಿ ಬರೀ ನೀರು.

ಮಧ್ಯಾಹ್ನ ದೋಣಿಯಿಂದ ಹೆಂಗಸರು ಇಳೀತಿದ್ರು. ಸೀರೆ ಮೇಲೆ ಗಂಡಸರ ಶರ್ಟು, ಹಣೆ ಮೇಲೆ ಈಜುಗನ್ನಡಕ, ಹೆಗಲ ಮೇಲೆ ನೀರು ಸುರಿಯೋ ಚೀಲ. ಹದಿನೈದು ಸೆಕೆಂಡ್ ವಿಡಿಯೋ ತೆಗೆದು, 'ಯಾರೂ ನೋಡಿರದ ಸ್ವರ್ಗ' ಅಂತ ಬರೆದು ಹಾಕ್ಬಿಟ್ಟೆ. (ನಗ್ಬೇಡಿ.)

ಒಬ್ಬರು ಸೀದಾ ಬಂದು, "ತಂಬಿ, ಏನು ತೆಗೆದೆ, ತೋರಿಸು" ಅಂದ್ರು. ತೋರಿಸಿದೆ. ಅವರ ಮುಖ, ಚೀಲ, ಹಿಂದೆ ದ್ವೀಪ, ಎಲ್ಲ ಸ್ಪಷ್ಟ. "ಅಳಿಸು" ಅಂದ್ರು. ನಂಗೆ ಮೊದಲು ಬಂದಿದ್ದು ಸಿಟ್ಟು, ಸುಳ್ಳು ಯಾಕೆ ಹೇಳ್ಲಿ. ಅಷ್ಟು ಚೆನ್ನಾಗಿ ಬಂದಿತ್ತು.

ಆಮೇಲೆ ನನ್ನ ಹರಕು ತಮಿಳಲ್ಲಿ ಕೇಳಿದೆ. ಚೀಲದಲ್ಲಿದ್ದದ್ದು ಪಾಸಿ. ನಮ್ಮ ಪಾಚಿನೇ, ಆದ್ರೆ ಕಡಲಿಂದು. ಉಸಿರು ಬಿಗಿಹಿಡಿದು ಮುಳುಗಿ, ಬಂಡೆಯಿಂದ ಕೈಯಲ್ಲೇ ಕೀಳ್ತಾರೆ. ಅದನ್ನ ಒಣಗಿಸಿ ಮಾರಿದ್ರೆ ಅಗರ್ ಆಗುತ್ತೆ, ನಾವು ತಿನ್ನೋ ಜೆಲ್ಲಿಗೆಲ್ಲ ಹಾಕ್ತಾರಲ್ಲ, ಅದು. ಅವರ ಅಮ್ಮ, ಅಜ್ಜಿನೂ ಇದೇ ಕೆಲಸ ಮಾಡಿದವರು. ಈಗ ದ್ವೀಪದ ಹತ್ರ ಕಿತ್ತರೆ ಅಪರಾಧ. ಸಿಕ್ಕಿಬಿದ್ರೆ ಚೀಲ ಹೋಗುತ್ತೆ, ದಂಡ ಬೀಳುತ್ತೆ. "ನಿನ್ನ ಫೋನಲ್ಲಿರೋದನ್ನ ಯಾರಾದ್ರೂ ಆಫೀಸರಿಗೆ ತೋರಿಸಿದ್ರೆ?" ಅಂದ್ರು. ಕಾಸ್ಟ್ ಶೀಟಿಗೆ ದಂಡ, ಪೆನಾಲ್ಟಿ ಸೇರಿಸ್ಬಾರ್ದು ಅಂತ ಕ್ಲಾಸಲ್ಲಿ ಬರ್ಕೊಂಡಿದ್ವಿ, ನೆನಪಿದ್ಯಾ? ಈ ಅಕ್ಕನ ಲೆಕ್ಕದಲ್ಲಿ ಅದೇ ಮೊದಲು ಬರುತ್ತೆ.

ಪಾರ್ಕೇ ಬೇಡ ಅಂತ ನಾನು ಹೇಳ್ತಿಲ್ಲ. ಸುಣ್ಣಕ್ಕೆ, ಕಟ್ಟಡಕ್ಕೆ ಅಂತ ಹವಳ ಅಗೆದಿದ್ದಕ್ಕೇ ಎಷ್ಟೋ ದಿಬ್ಬ ಹಾಳಾಗಿವೆ. ಆ 21ರಲ್ಲಿ ಎರಡು ದ್ವೀಪ ಈಗ ನೀರಿನ ಕೆಳಗಿವೆ. ಆದ್ರೆ ಇದನ್ನೂ ಕೇಳಿ: ಪಾಸಿ ಮತ್ತೆ ಬೆಳೀಲಿ ಅಂತ ಈ ಹೆಂಗಸರೇ ಮಾತಾಡ್ಕೊಂಡು ತಿಂಗಳಿಗೆ 12 ದಿನ ಮಾತ್ರ ಕೀಳೋದು, ಕೆರೆಯೋ ಸಲಕರಣೆ ಮುಟ್ಟಲ್ಲ ಅಂತ ನಿಯಮ ಹಾಕ್ಕೊಂಡಿದ್ದಾರೆ. ಇವರನ್ನ ಸಂಘಟಿಸಿದ ಪಾಂಬನ್ ಕಡೆಯ ಲಕ್ಷ್ಮಿ ಮೂರ್ತಿಯವರಿಗೆ 2015ರಲ್ಲಿ ಸೀಕಾಲಜಿ ಪ್ರಶಸ್ತಿ ಬಂತು, ಪರಿಸರಕ್ಕಾಗಿ ಕೆಲಸ ಮಾಡೋರಿಗೆ ಕೊಡೋ ಅಂತಾರಾಷ್ಟ್ರೀಯ ಪ್ರಶಸ್ತಿ. ಒಂದು ಕಡೆ ಪ್ರಶಸ್ತಿ, ಇನ್ನೊಂದು ಕಡೆ ದಂಡದ ಭಯ. ನಂಗಿನ್ನೂ ತಲೆಗೆ ಹತ್ತಿಲ್ಲ.

ಅಳಿಸೋ ಹೊತ್ತಿಗೆ 143 ಜನ ನೋಡಾಗಿತ್ತು. ಅಕ್ಕಂಗೆ ಆ ನಂಬರ್ ಹೇಳೋ ಧೈರ್ಯ ಬರ್ಲಿಲ್ಲ. ಕೈಯ ಫೋಟೋ ತೆಗೀಲಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚ್ನೆ ಮಾಡಿ, ಒದ್ದೆ ಬಟ್ಟೆ ಬಿಚ್ಚದೇ ಹಾಗೇ ಮುಂದೆ ಚಾಚಿದ್ರು.

ನಿಮ್ಮಲ್ಲಿ ಯಾರಾದ್ರೂ ಆ ಸ್ಟೋರಿ ಸ್ಕ್ರೀನ್‌ಶಾಟ್ ತೆಗ್ದಿದ್ರೆ, ಗ್ರೂಪಿಗೆ ಫಾರ್ವರ್ಡ್ ಮಾಡಿದ್ರೆ, ಅಳಿಸಿ ನಂಗೊಂದು ಮೆಸೇಜ್ ಹಾಕಿ. ಪ್ಲೀಸ್.

ಭಾಗ 5 ಧನುಷ್ಕೋಡಿ, ಭಾನುವಾರ.